ಮುಳುಗಿಸಿದರೂ ಮುಳುಗದ ಊರು: ಸಿಟೀಸ್ ಸ್ಕೈಲೈನ್ಸ್ 2, ಎರಡು ವರ್ಷ ಆಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಬಂದೂಕು ಹಿಡಿದು ಓಡಾಡುವ ಗೇಮ್ ಆಡುವವನಲ್ಲ. ನನಗೆ ಬೇಕಾಗಿರುವುದು ರಸ್ತೆ, ನಲ್ಲಿ ನೀರು, ಕಸದ ಲಾರಿ. ದಿನಾ ವಿಜಯನಗರದಿಂದ ಹೊರಟು, ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗಿ, ವಾಪಸ್ ಬರುವಾಗ ಅದೇ ಸಿಲ್ಕ್ ಬೋರ್ಡಿನಲ್ಲಿ ನಿಂತು ನಿಂತು ಸುಸ್ತಾದವನು ರಾತ್ರಿ ಮತ್ತೆ ಟ್ರಾಫಿಕ್ ನೋಡೋಕೆ ಕೂರುತ್ತಾನೆ ಅಂದರೆ ನಿಮಗೆ ಹುಚ್ಚು ಅನ್ನಿಸಬಹುದು. ಅಮ್ಮನಿಗೂ ಹಾಗೇ ಅನ್ನಿಸಿದೆ. ಆದರೆ ಅಲ್ಲಿ ಸಿಗ್ನಲ್ ನನ್ನ ಕೈಯಲ್ಲಿ ಇರುತ್ತದೆ.

ಊರು ಕಟ್ಟಿ ನಡೆಸುವ ಈ ಕಂಪ್ಯೂಟರ್ ಗೇಮ್ ಸಿಟೀಸ್ ಸ್ಕೈಲೈನ್ಸ್‌ನ ಮೊದಲ ಭಾಗ ಬಂದಿದ್ದು 2015ರ ಮಾರ್ಚ್‌ನಲ್ಲಿ. ಫಿನ್‌ಲ್ಯಾಂಡಿನ ತಾಂಪೆರೆ ಅನ್ನುವ ಊರಿನ ಒಂದು ಪುಟ್ಟ ತಂಡ ಮಾಡಿದ್ದು. ನನ್ನ ಮೊದಲ ಊರು ಎರಡೇ ಗಂಟೆಯಲ್ಲಿ ಹಾಳಾಯಿತು. ನದಿಯಲ್ಲಿ ಕೊಳಚೆ ಪೈಪನ್ನು ಮೇಲ್ಗಡೆ ಇಟ್ಟು, ಕುಡಿಯುವ ನೀರಿನ ಪಂಪನ್ನು ಹರಿವಿನ ಕೆಳಗಡೆ ಇಟ್ಟಿದ್ದೆ. ಊರಿಗೂರೇ ಕಾಯಿಲೆ ಬಿತ್ತು. ಬೆಳ್ಳಂದೂರು ಕೆರೆಯ ನೊರೆ ನೋಡಿ ಬೈಯುತ್ತಿದ್ದವನು ಅವತ್ತು ಸುಮ್ಮನಾದೆ.

ಆಮೇಲೆ ಕಟ್ಟಿದ್ದು ಹೊಸಕೊಪ್ಪಲು. ಆರೇಳು ವರ್ಷ ಅದೊಂದೇ ಊರು. ಊಟ ಆಗಿ, ಪಾತ್ರೆ ತೊಳೆದಿಟ್ಟು, ಒಂಬತ್ತೂವರೆಗೆ ಅರ್ಧ ಲೋಟ ಕಾಫಿ ಹಿಡಿದು ಕೂರುತ್ತಿದ್ದೆ. ಮೊದಲು ಏನನ್ನೂ ಕಟ್ಟುತ್ತಿರಲಿಲ್ಲ. ಆಟವನ್ನು ಪಾಜ್‌ನಲ್ಲಿಟ್ಟು ಊರಿನ ಮೇಲೆ ಒಂದು ಸುತ್ತು. ಶಾಲೆ ಮುಂದಿನ ಜಂಕ್ಷನ್ ಹೇಗಿದೆ, ಕಸ ಎಲ್ಲಿ ಗುಡ್ಡೆ ಬಿದ್ದಿದೆ, ಊರಿನ ಜನರ ಮಾತನ್ನು ಪರದೆ ಮೇಲೆ ತಂದು ಹೇಳುವ ಆ ನೀಲಿ ಹಕ್ಕಿ ಇವತ್ತು ಏನು ದೂರು ಹೇಳುತ್ತಿದೆ. ಕಾಫಿ ಮುಗಿದ ಮೇಲೆ ಪ್ಲೇ. ಒಂದು ಸಲ ದುರಾಸೆಗೆ ಬಿದ್ದು ಒಟ್ಟಿಗೇ ಹತ್ತು ಬಡಾವಣೆ ತೆರೆದೆ. ಒಟ್ಟಿಗೆ ಬಂದವರು ಒಟ್ಟಿಗೇ ಮುದುಕರಾಗಿ ಒಟ್ಟಿಗೇ ಸತ್ತರು, ಮುಕ್ತಿವಾಹನಗಳೆಲ್ಲ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವು, ಮನೆಗಳ ಮೇಲೆಲ್ಲ ತಲೆಬುರುಡೆ ಗುರುತು, ಜನ ಮನೆ ಬಿಟ್ಟು ಹೋಗಿ ಖಜಾನೆ ಖಾಲಿ. ಸರಿ ಮಾಡಲು ಒಂದು ವಾರ ಬೇಕಾಯಿತು. ಆ ವಾರ ಆಫೀಸಿನ ಮೀಟಿಂಗಿನಲ್ಲಿ ನೋಟ್‌ಬುಕ್ ಮೇಲೆ ನಾನು ಗೀಚುತ್ತಿದ್ದುದೆಲ್ಲ ರೌಂಡಬೌಟ್‌ಗಳೇ.

ಹಾಗಾಗಿ 2023ರ ಅಕ್ಟೋಬರ್ 24ಕ್ಕೆ ಎರಡನೇ ಭಾಗ ಬಂದಾಗ ಸೇಲ್‌ಗೆ ಕಾಯಲಿಲ್ಲ. ನಾನು ಯಾವತ್ತೂ ಸೇಲ್‌ಗೆ ಕಾಯುವ ಜಾತಿ, ಅದೊಂದೇ ಸಲ ತಪ್ಪಿದೆ. ಆಟ ನಿಧಾನ, ನಾವು ಅಂದುಕೊಂಡ ಮಟ್ಟಕ್ಕೆ ಬಂದಿಲ್ಲ ಅಂತ ಮಾಡಿದವರೇ ಬಿಡುಗಡೆಗೆ ಮುಂಚೆ ಒಪ್ಪಿಕೊಂಡಿದ್ದರು. ಶಿಫಾರಸು ಮಾಡಿದ್ದು ಆರ್‌ಟಿಎಕ್ಸ್ 3080 ಅನ್ನುವ ದುಬಾರಿ ಗ್ರಾಫಿಕ್ಸ್ ಕಾರ್ಡ್. ನನ್ನ ಸ್ಕೂಟರ್ ಮಾರಿದರೂ ಅಷ್ಟು ಬರಲ್ಲ. ಎಸ್‌ಪಿ ರೋಡಿನಲ್ಲಿ ತಗೊಂಡ ಸೆಕೆಂಡ್ ಹ್ಯಾಂಡ್ ಕಾರ್ಡಿನಲ್ಲೇ ಆಡಿದೆ. ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ದುಡ್ಡು ವಾಪಸ್ ಕೇಳಬಹುದು ಅಲ್ವಾ, ನನ್ನ ಎರಡು ಗಂಟೆ ನೆರಳು ಕಮ್ಮಿ ಮಾಡು, ಮೋಡ ತೆಗಿ ಅಂತ ಸೆಟ್ಟಿಂಗ್ಸ್ ತಿರುವುವುದರಲ್ಲೇ ಹೋಯಿತು. ಆಮೇಲೆ ಕೆಲವು ಆಟಗಾರರು ಒಳಗೆ ಕೆದಕಿ ನೋಡಿದರೆ, ಇರುವೆ ಥರ ಕಾಣುವ ಊರಿನ ಜನಕ್ಕೆ ಬಾಯೊಳಗೆ ಹಲ್ಲು ಕೂಡ ಮಾಡಿಟ್ಟಿದ್ದರು! ಯಾರು ಬಾಯಿ ತೆಗೆದು ನೋಡುತ್ತಾರೆ ಸ್ವಾಮಿ?

ನಿಧಾನ ಅನ್ನುವುದನ್ನು ನಾನು ಸಹಿಸಿಕೊಂಡೆ. ಬೆಂಗಳೂರಿನವರಿಗೆ ಅದು ಹೊಸದಲ್ಲ. ಸಹಿಸಲು ಆಗದೇ ಇದ್ದದ್ದು ಬೇರೆ.

ಮೂರನೇ ರಾತ್ರಿ ಬೇಕಂತಲೇ ಊರನ್ನು ಹಾಳು ಮಾಡಿ ನೋಡೋಣ ಅನ್ನಿಸಿತು. ಐದು ಸಾವಿರ ಜನರ ಊರಿಗೆ ಯಾರೂ ಹತ್ತದ ಮೆಟ್ರೋ, ಬೇಡದ ಆಸ್ಪತ್ರೆ, ಎಲ್ಲಿಗೂ ಹೋಗದ ಫ್ಲೈಓವರ್ ಕಟ್ಟಿದೆ. ತೆರಿಗೆಯಿಂದ ಬರುವುದಕ್ಕಿಂತ ಖರ್ಚು ಎಷ್ಟೋ ಪಟ್ಟು ಜಾಸ್ತಿ. ಈಗ ಬೀಳುತ್ತದೆ, ಈಗ ಬೀಳುತ್ತದೆ ಅಂತ ಕಾದೆ. ಊಹೂಂ. ಬಜೆಟ್ ಪಟ್ಟಿ ತೆಗೆದು ನೋಡಿದರೆ ಸರ್ಕಾರದ ಸಬ್ಸಿಡಿ ಅಂತ ಒಂದು ಸಾಲು. ನಾನು ಎಷ್ಟು ಪೋಲು ಮಾಡುತ್ತೇನೋ ಅಷ್ಟೂ ಅವರು ತುಂಬುತ್ತಿದ್ದರು. ಅವತ್ತು ನಿಜವಾಗಲೂ ಬೇಜಾರಾಯಿತು. ಹೊಸಕೊಪ್ಪಲಿನಲ್ಲಿ ಒಂದು ಪೈಪ್ ತಪ್ಪಿಟ್ಟರೆ ಜನ ಸಾಯುತ್ತಿದ್ದರು, ಇಲ್ಲಿ ನಾನು ಎದ್ದು ಹೋಗಿ ಮಲಗಿದರೂ ಊರು ನಡೆಯುತ್ತಿತ್ತು. ನಾನು ಯಾಕೆ ಬೇಕು ಇದಕ್ಕೆ?

2024ರ ಮಾರ್ಚ್‌ನಲ್ಲಿ ಸಮುದ್ರ ತೀರದ ಮನೆಗಳ ಒಂದು ಪ್ಯಾಕ್ ಬೇರೆ ದುಡ್ಡಿಗೆ ಬಂತು. ಜನ ಬೈದ ಬೈಗುಳಕ್ಕೆ ಕ್ಷಮೆ ಕೇಳಿ, ದುಡ್ಡು ವಾಪಸ್ ಕೊಟ್ಟು, ಪುಕ್ಕಟೆ ಮಾಡಿದರು. ನಾನು ತಗೊಂಡಿರಲಿಲ್ಲ, ಬುದ್ಧಿ ಬಂದಿತ್ತು.

ಇಷ್ಟೆಲ್ಲ ಬೈದರೂ ಅನ್‌ಇನ್‌ಸ್ಟಾಲ್ ಮಾಡಲಿಲ್ಲ. ಯಾಕೆಂದರೆ ರಸ್ತೆ. ಈ ಆಟದಲ್ಲಿ ರಸ್ತೆ ಎಳೆಯುವ ಸುಖ ಇದೆಯಲ್ಲ, ಮೊದಲ ಭಾಗದಲ್ಲಿ ಅದರ ಕಾಲು ಭಾಗವೂ ಇರಲಿಲ್ಲ. ಬಳುಕು, ಏರು, ಕೂಡು ರಸ್ತೆ, ರೌಂಡಬೌಟ್, ಎಲ್ಲ ಬೆಣ್ಣೆಯ ಮೇಲೆ ಚಾಕು ಓಡಿದ ಹಾಗೆ. ಅದಕ್ಕಿಂತ ಮಜಾ ಏನು ಗೊತ್ತಾ? ರಸ್ತೆ ಹಾಕಿದರೆ ಅದರ ಅಡಿಯಲ್ಲೇ ನೀರಿನ ಪೈಪ್, ಕೊಳಚೆ ಪೈಪ್, ಕರೆಂಟ್ ತಂತಿ ಎಲ್ಲ ಒಟ್ಟಿಗೇ ಬರುತ್ತವೆ. ನಮ್ಮ ಬೀದಿಯಲ್ಲಿ ಡಾಂಬರು ಹಾಕಿ ಹದಿನೈದು ದಿನಕ್ಕೆ ಪೈಪಿಗೆ ಅಂತ ಅಗೆದಿದ್ದಾರೆ, ಮುಚ್ಚಿ ಮತ್ತೆ ಕೇಬಲ್ಲಿಗೆ ಅಗೆದಿದ್ದಾರೆ. ಒಂದೇ ಗುಂಡಿಯಲ್ಲಿ ಎಲ್ಲ ಮುಗಿಯುವ ರಸ್ತೆಯನ್ನು ಕಂಪ್ಯೂಟರಿನಲ್ಲಾದರೂ ನೋಡಿದೆನಲ್ಲ. ಎಷ್ಟೋ ರಾತ್ರಿ ಮನೆ, ಅಂಗಡಿ ಏನೂ ಇಲ್ಲದೆ ಸುಮ್ನೆ ರಸ್ತೆ ಹಾಕಿ ಮಲಗಿದ್ದೇನೆ.

2024ರ ಜೂನ್‌ನಲ್ಲಿ ಎಕಾನಮಿ 2.0 ಅಂತ ದೊಡ್ಡ ಅಪ್‌ಡೇಟ್ ಬಂತು. ಆ ಸಬ್ಸಿಡಿ ಸಾಲನ್ನು ಕಿತ್ತು ಹಾಕಿದರು. ಅವತ್ತು ರಾತ್ರಿ ನನ್ನ ಊರು ತೆರೆದರೆ ಪೂರ್ತಿ ಕೆಂಪು, ಲೆಕ್ಕ ಪಾತಾಳಕ್ಕೆ. ಇಷ್ಟು ಖುಷಿ ಯಾವ ಸಂಬಳದ ದಿನವೂ ಆಗಿರಲಿಲ್ಲ. ಮೆಟ್ರೋ ನಿಲ್ಲಿಸಿದೆ, ಆಸ್ಪತ್ರೆ ಕೆಡವಿದೆ, ಅಡುಗೆಮನೆಯ ಕ್ಯಾಲೆಂಡರ್ ಹಿಂದೆ ಖರ್ಚಿನ ಲೆಕ್ಕ ಬರೆದೆ. ಅಮ್ಮ ಅದನ್ನು ನೋಡಿ ಗಾಬರಿಯಾಗಿ "ಏನೋ ಇದು, ಯಾರಿಗೋ ಕೋಟಿಗಟ್ಟಲೆ ಕೊಡಬೇಕಾ?" ಅಂದರು.

ಒಂದು ಆರು ತಿಂಗಳು ಚೆನ್ನಾಗಿ ನಡೆಯಿತು. ಬೇಸಿಗೆ ರಜೆಗೆ ಅಕ್ಕನ ಮಗಳು ಬಂದಳು, ಹತ್ತು ವರ್ಷ. ಪಕ್ಕದಲ್ಲಿ ಕೂತು ಒಬ್ಬೊಬ್ಬರನ್ನೇ ಕ್ಲಿಕ್ ಮಾಡಿ ಎಲ್ಲಿಗೆ ಹೋಗುತ್ತಾರೆ ಅಂತ ಬೆನ್ನು ಹತ್ತುವುದು ಅವಳ ಕೆಲಸ. ಎರಡನೇ ದಿನ ಕೇಳಿದಳು, "ಮಾಮ, ಇಲ್ಲಿ ಯಾರ ಹತ್ತಿರಾನೂ ಸೈಕಲ್ ಇಲ್ವಾ?"

ನಾನು ಗಮನಿಸಿಯೇ ಇರಲಿಲ್ಲ. ಮೊದಲ ಭಾಗಕ್ಕೆ ಸೈಕಲ್ ಬಂದಿದ್ದು 2015ರಲ್ಲೇ, ಆಟ ಬಂದ ಆರೇ ತಿಂಗಳಿಗೆ. ದುಡ್ಡು ಕೊಟ್ಟೇ ತಗೊಂಡಿದ್ದೆ ಆ ಪ್ಯಾಕ್. ಇಲ್ಲಿ ಬಂದಿದ್ದು 2025ರ ಕೊನೆಗೆ, ಅದೂ ಮೊದಲಿನಿಂದ ಆಟ ಮಾಡಿದ ತಂಡ ಕೈಬಿಟ್ಟು ಬೇರೆಯವರಿಗೆ ಒಪ್ಪಿಸುವ ಹೊತ್ತಿಗೆ. ಅಷ್ಟರಲ್ಲಿ ವರ್ಷಗಟ್ಟಲೆ ತಡವಾದ ನಮ್ಮ ಬೆಂಗಳೂರಿನ ಯೆಲ್ಲೋ ಲೈನ್ ಮೆಟ್ರೋ ಕೂಡ ಆಗಸ್ಟ್‌ನಲ್ಲೇ ಓಡಲು ಶುರುವಾಗಿತ್ತು, ನೆನಪಿರಲಿ.

ಈಗ ತಗೊಳ್ಳಬಹುದಾ ಅಂತ ಕೇಳಿದರೆ, ಒಳ್ಳೆ ಕಾರ್ಡ್ ಇದ್ದು, ಅರ್ಧ ಬೆಲೆಗೆ ಸಿಕ್ಕಿದರೆ, ರಸ್ತೆಗೋಸ್ಕರ ತಗೊಳ್ಳಿ. ನನ್ನ ಕಡೆಯಿಂದ ಐದಕ್ಕೆ ಎರಡೂವರೆ, ಆ ಎರಡೂವರೆಯೂ ರಸ್ತೆಗೇ.

ದಸರಾ ರಜೆಗೆ ಬಂದಾಗ ಅವಳಿಗೆ ಸೈಕಲ್ ತೋರಿಸೋಣ ಅಂತ ಹಳೆಯ ಹೊಸಕೊಪ್ಪಲು ತೆರೆದೆ. ಶಾಲೆ ಮುಂದಿನ ಅದೇ ಜಂಕ್ಷನ್, ಅದೇ ಜಾಮ್, ಮಧ್ಯದಲ್ಲಿ ಒಂದು ಮುಕ್ತಿವಾಹನ ಸಿಕ್ಕಿಕೊಂಡಿತ್ತು. "ಪಾಪ, ಬಿಡಿಸಿ ಮಾಮ" ಅಂದಳು. ಬಿಡಿಸುವ ಹೊತ್ತಿಗೆ ಹನ್ನೆರಡೂ ಮುಕ್ಕಾಲು, ಕಾಫಿ ಲೋಟದಲ್ಲಿ ಹಾಗೇ ಇತ್ತು.