ಜಾವಾ, ಸಿ ಪ್ಲಸ್ ಪ್ಲಸ್, ಸ್ವಿಫ್ಟ್, ಪೈಥಾನ್: ಮೆಮೊರಿ ವಿಷಯದಲ್ಲಿ ಬಳಸಿ ನೋಡಿದ ಅನುಭವ

ಈ ನಾಲ್ಕೂ ಭಾಷೆಗಳಲ್ಲಿ ಸಂಬಳಕ್ಕೆ ಕೋಡ್ ಬರೆದಿದ್ದೇನೆ. ಯಾವುದು ಒಳ್ಳೆಯದು ಎಂದು ಹೊಸಬರು ಕೇಳುತ್ತಲೇ ಇರುತ್ತಾರೆ. ಕ್ಲಾಸು, ಇನ್‌ಹೆರಿಟೆನ್ಸು, ಇಂಟರ್‌ಫೇಸು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ, ಒಂದೆರಡು ವಾರದಲ್ಲಿ ಕೈಗೆ ಹತ್ತುತ್ತವೆ. ಆಬ್ಜೆಕ್ಟ್ ಹುಟ್ಟಿದ ಮೇಲೆ ಅದನ್ನು ಯಾರು ಹಿಡಿದುಕೊಂಡಿದ್ದಾರೆ, ಯಾವಾಗ ಬಿಡುತ್ತಾರೆ ಅನ್ನುವಲ್ಲೇ ನಿಜವಾದ ವ್ಯತ್ಯಾಸ ಇರುವುದು.

ಜಾವಾದಿಂದ ಶುರು ಮಾಡುತ್ತೇನೆ. ನನಗೆ ಜಾಸ್ತಿ ಅನ್ನ ಹಾಕಿದ್ದೂ ಅದೇ, ಜಾಸ್ತಿ ನಿದ್ದೆ ಕೆಡಿಸಿದ್ದೂ ಅದೇ. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಇದನ್ನು ಹೊರಗೆ ಬಿಟ್ಟಾಗಿನಿಂದಲೂ ಡಿಲೀಟ್ ಅನ್ನುವ ಮಾತೇ ಇಲ್ಲ. ನೀವು ನ್ಯೂ ಅಂತ ಬರೆದರೆ ಮುಗಿಯಿತು, ಕಸ ಬಾಚುವುದು ಗಾರ್ಬೇಜ್ ಕಲೆಕ್ಟರ್ ಕೆಲಸ. ಬಹಳಷ್ಟು ಆಬ್ಜೆಕ್ಟ್‌ಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ಸಾಯುತ್ತವೆ ಅನ್ನುವ ಲೆಕ್ಕದಲ್ಲಿ ಅದು ಹೀಪನ್ನು, ಅಂದರೆ ಆಬ್ಜೆಕ್ಟ್‌ಗಳಿರುವ ಮೆಮೊರಿಯ ಭಾಗವನ್ನು, ಎಳೆಯದು, ಹಳೆಯದು ಎಂದು ಭಾಗ ಮಾಡಿಕೊಂಡು ಎಳೆಯದನ್ನು ಪದೇ ಪದೇ ಬಾಚುತ್ತದೆ, ಹಳೆಯದಕ್ಕೆ ಅಪರೂಪಕ್ಕೆ ಕೈ ಹಾಕುತ್ತದೆ. ಜಾವಾ 9ರಿಂದ ಜಿ1 ಅನ್ನುವ ಕಲೆಕ್ಟರ್ ಡೀಫಾಲ್ಟ್ ಆಗಿದೆ. ಒಂದು ಸಲಕ್ಕೆ 200 ಮಿಲಿಸೆಕೆಂಡ್ ಮೀರಿ ಪ್ರೋಗ್ರಾಂ ನಿಲ್ಲಿಸಬಾರದು ಅಂತ ಅದು ಗುರಿ ಇಟ್ಟುಕೊಳ್ಳುತ್ತದೆ, ಗ್ಯಾರಂಟಿ ಏನೂ ಕೊಡುವುದಿಲ್ಲ. ಅಷ್ಟು ನಿಲ್ಲುವುದೂ ಕಷ್ಟ ಅನ್ನುವವರಿಗೆ ಝಡ್‌ಜಿಸಿ ಅನ್ನುವ ಇನ್ನೊಂದು ಕಲೆಕ್ಟರ್ ಇದೆ, ಜಾವಾ 15ರಿಂದ ಪ್ರೊಡಕ್ಷನ್‌ಗೆ ಸಿಕ್ಕಿದೆ, ಚೆನ್ನಾಗಿದೆ.

ಆದರೆ ಕಲೆಕ್ಟರ್ ಇದ್ದರೆ ಲೀಕ್ (ಬೇಡವಾದ ಆಬ್ಜೆಕ್ಟ್ ಜಾಗ ಬಿಡದೆ ಉಳಿಯುವುದು) ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಸರ್ವಿಸ್ ಮೂರು ದಿನಕ್ಕೊಮ್ಮೆ ಔಟ್ ಆಫ್ ಮೆಮೊರಿ ಅಂತ ಬೀಳುತ್ತಿತ್ತು. ಹೀಪ್ ಜಾಸ್ತಿ ಕೊಟ್ಟೆವು, ಐದು ದಿನಕ್ಕೊಮ್ಮೆ ಬೀಳತೊಡಗಿತು. ಕೊನೆಗೆ ಹೀಪ್ ಡಂಪ್ (ಆ ಹೊತ್ತಿನ ಹೀಪಿನ ಪೂರ್ತಿ ನಕಲು) ತೆಗೆದು ಎಕ್ಲಿಪ್ಸ್ ಮೆಮೊರಿ ಅನಲೈಸರ್‌ನಲ್ಲಿ ತೆರೆದು ನೋಡಿದರೆ ಒಂದೇ ಒಂದು ಸ್ಟ್ಯಾಟಿಕ್ ಹ್ಯಾಶ್‌ಮ್ಯಾಪ್ (ಕೀ ಕೊಟ್ಟು ಅದರ ಮೌಲ್ಯ ಪಡೆಯುವ, ಪ್ರೋಗ್ರಾಂ ಮುಗಿಯುವವರೆಗೂ ಉಳಿಯುವ ಪಟ್ಟಿ) ಅರ್ಧಕ್ಕಿಂತ ಜಾಸ್ತಿ ಜಾಗ ತಿಂದು ಕುಳಿತಿತ್ತು. ಕೋಡ್ ನೋಡಿದರೆ ಎಲ್ಲ ಸರಿ ಇದೆ: ಲಾಗಿನ್ ಆದಾಗ ಪುಟ್, ಲಾಗೌಟ್ ಆದಾಗ ರಿಮೂವ್. ಎರಡು ದಿನ ಅದನ್ನೇ ನೋಡಿದೆವು. ಕೀ ಆಗಿ ಬಳಸಿದ್ದ ಕ್ಲಾಸ್‌ಗೆ ಎರಡು ಕೀ ಒಂದೇ ಹೌದೋ ಅಲ್ಲವೋ ಎಂದು ಗುರುತಿಸಲು ಬೇಕಾದ ಈಕ್ವಲ್ಸ್, ಹ್ಯಾಶ್‌ಕೋಡ್ ಯಾರೂ ಬರೆದಿರಲಿಲ್ಲ. ಹಾಗಾಗಿ ಲಾಗೌಟ್ ಹೊತ್ತಿಗೆ ಅದೇ ಬಳಕೆದಾರನ ಹೆಸರಲ್ಲಿ ಹೊಸ ಕೀ ಮಾಡಿ ರಿಮೂವ್ ಅಂದರೆ ಮ್ಯಾಪ್‌ಗೆ ಅದು ಯಾರೋ ಬೇರೆಯವರು, ಏನನ್ನೂ ತೆಗೆಯದೆ ಸುಮ್ನೆ ನಲ್ ಕೊಟ್ಟು ಕಳಿಸುತ್ತಿತ್ತು. ಕಲೆಕ್ಟರ್ ತಪ್ಪು ಏನೂ ಇಲ್ಲ. ಮ್ಯಾಪ್ ಇನ್ನೂ ಹಿಡಿದುಕೊಂಡಿರುವುದನ್ನು ಅದು ಕಸ ಅಂತ ಹೇಗೆ ತಿಳಿಯಬೇಕು?

ಸಿ ಪ್ಲಸ್ ಪ್ಲಸ್ ಬಗ್ಗೆ ಜನ ಹೆದರಿಸುವುದು ಜಾಸ್ತಿ, ಹೆದರಿಕೆಗೆ ಕಾರಣವೂ ಇದೆ. ಡಿಲೀಟ್ ಮರೆತರೆ ಲೀಕ್, ಎರಡು ಸಲ ಮಾಡಿದರೆ ಕ್ರ್ಯಾಶ್. ಬಿಟ್ಟ ಜಾಗವನ್ನೇ ಮತ್ತೆ ಮುಟ್ಟಿದರಂತೂ ನಿಮ್ಮ ಲ್ಯಾಪ್‌ಟಾಪಿನಲ್ಲಿ ತಿಂಗಳುಗಟ್ಟಲೆ ಸರಿಯಾಗಿ ಓಡಿ ಗ್ರಾಹಕರ ಮುಂದೆ ಕೈ ಕೊಡಬಹುದು. ಅಡ್ರೆಸ್ ಸ್ಯಾನಿಟೈಸರ್ ಅನ್ನುವ ತಪಾಸಣೆ ಉಪಕರಣ ಹಾಕಿ ಟೆಸ್ಟ್ ಓಡಿಸಿ, ಜಾಗ ಎಲ್ಲಿ ಬಿಟ್ಟಿದ್ದು, ಎಲ್ಲಿ ಮತ್ತೆ ಮುಟ್ಟಿದ್ದು, ಎರಡೂ ಸಾಲನ್ನು ತೋರಿಸುತ್ತದೆ. ಆದರೂ 2011ರ ಆವೃತ್ತಿ ಬಂದ ಮೇಲೆ ಈ ಭಾಷೆ ನನಗೆ ನಿಜಕ್ಕೂ ಇಷ್ಟವಾಯಿತು. ಯೂನಿಕ್ ಪಾಯಿಂಟರ್ ಅಂತ ಬರೆದರೆ ಇದಕ್ಕೆ ಒಬ್ಬರೇ ಯಜಮಾನರು ಅಂತ ಅರ್ಥ, ಕಾಪಿ ಮಾಡಲು ಹೋದರೆ ಕಂಪೈಲರ್ ಅಲ್ಲೇ ತಡೆಯುತ್ತದೆ, ಬೇಕಿದ್ದರೆ ಮೂವ್ ಮಾಡಿ ಬೇರೆಯವರಿಗೆ ವಹಿಸಬಹುದು. ಬ್ರ್ಯಾಕೆಟ್ ಮುಚ್ಚಿದ ಆ ಕ್ಷಣಕ್ಕೇ ಡಿಸ್ಟ್ರಕ್ಟರ್ (ಆಬ್ಜೆಕ್ಟ್ ಸಾಯುವಾಗ ಓಡುವ ಕೋಡ್) ಓಡುತ್ತದೆ. ಮೆಮೊರಿ ಅಷ್ಟೇ ಅಲ್ಲ, ಫೈಲು, ಲಾಕು, ಸಾಕೆಟ್ಟು ಎಲ್ಲ ಅದೇ ದಾರಿಯಲ್ಲಿ ಮುಚ್ಚಿಕೊಳ್ಳುತ್ತವೆ. ಜಾವಾದಲ್ಲಿ ಇದಕ್ಕೆಂದೇ ಟ್ರೈ ವಿತ್ ರಿಸೋರ್ಸಸ್ ಬೇರೆ ಬರೆಯಬೇಕು, ಕಲೆಕ್ಟರ್ ಬಾಚುವ ಮುಂಚೆ ಓಡುವ ಫೈನಲೈಸ್ ನಂಬಿದವರು ಕೆಟ್ಟರು, ಜಾವಾ 9ರಲ್ಲಿ ಅದಕ್ಕೆ ಡೆಪ್ರಿಕೇಟೆಡ್ (ಇನ್ನು ಬಳಸಬೇಡಿ) ಅಂತ ಮೊಹರು ಬಿತ್ತು. ಯಾರು ಯಾರನ್ನು ಹಿಡಿದಿದ್ದಾರೆ ಅನ್ನುವುದು ಟೈಪಿನಲ್ಲೇ ಕಾಣುವುದಕ್ಕೆ ನನ್ನ ಮಟ್ಟಿಗೆ ಬೆಲೆ ಕಟ್ಟಲಾಗದು. ಹೊಸಬರು ಎರಡು ತಿಂಗಳಾದರೂ ಇದನ್ನು ಬರೆಯಿರಿ, ಆಮೇಲೆ ಜಾವಾ ಕೋಡನ್ನು ಓದುವ ಕಣ್ಣೇ ಬೇರೆ ಆಗುತ್ತದೆ.

ಸ್ವಿಫ್ಟ್ ನಡುವಿನ ದಾರಿ ಹಿಡಿದಿದೆ. ಒಂದು ಆಬ್ಜೆಕ್ಟನ್ನು ಎಷ್ಟು ಜನ ಹಿಡಿದಿದ್ದಾರೆ ಅನ್ನುವ ಎಣಿಕೆಯ ಕೋಡನ್ನು ಕಂಪೈಲರೇ ಸೇರಿಸುತ್ತದೆ, ಸೊನ್ನೆ ಆದ ಕೂಡಲೇ ಜಾಗ ಖಾಲಿ. ತೊಡಕಿರುವುದು ಪರಸ್ಪರ ಕೈ ಹಿಡಿದವರದ್ದು. ಸ್ಕ್ರೀನು ಕ್ಲೋಶರನ್ನು (ಆಮೇಲೆ ಓಡಿಸಲು ಎತ್ತಿಟ್ಟ ಕೋಡ್ ತುಣುಕನ್ನು) ಹಿಡಿದಿರುತ್ತದೆ, ಕ್ಲೋಶರ್ ಒಳಗಿನ ಸೆಲ್ಫ್ ಮತ್ತೆ ಸ್ಕ್ರೀನನ್ನು ಹಿಡಿದಿರುತ್ತದೆ, ಬಳಕೆದಾರರು ಹಿಂದೆ ಹೋದರೂ ಇಬ್ಬರೂ ಬಿಡುವುದಿಲ್ಲ. ಎಣಿಕೆಗೆ ಸೇರದಂತೆ ಹಿಡಿಯಲು ವೀಕ್ ಸೆಲ್ಫ್ ಅಂತ ಬರೆಯುವುದನ್ನು ಮರೆಯಬೇಡಿ. ನಾನಂತೂ ಪ್ರತಿ ಸ್ಕ್ರೀನಿನ ಡಿಇನಿಟ್‌ನಲ್ಲಿ (ಅದು ಸಾಯುವಾಗ ಓಡುವ ಕೋಡಿನಲ್ಲಿ) ಒಂದು ಪ್ರಿಂಟ್ ಹಾಕಿಟ್ಟಿರುತ್ತೇನೆ, ಸ್ಕ್ರೀನ್ ಮುಚ್ಚಿದಾಗ ಆ ಸಾಲು ಬರದಿದ್ದರೆ ಎಲ್ಲೋ ಗಂಟು ಬಿದ್ದಿದೆ ಅಂತಲೇ ಲೆಕ್ಕ.



ಪೈಥಾನ್ ಕೂಡ ಎಣಿಕೆಯನ್ನೇ ನಂಬಿದೆ, ಜೊತೆಗೆ 2000ದಲ್ಲಿ ಬಂದ 2.0ರಿಂದ ಇಂಥ ಗಂಟುಗಳನ್ನು ಹುಡುಕಿ ಬಿಡಿಸುವ ಕಲೆಕ್ಟರೂ ಇದೆ, ಹಾಗಾಗಿ ಆ ತಲೆನೋವು ಕಡಿಮೆ. ಇಲ್ಲಿ ನೋವು ಗಾತ್ರದ್ದು. 64 ಬಿಟ್ ಮಷೀನಿನಲ್ಲಿ ಒಂದು ಸಣ್ಣ ಪೂರ್ಣಾಂಕಕ್ಕೇ 28 ಬೈಟ್ ಬೇಕು, ಏಕೆಂದರೆ ಅದೂ ಒಂದು ಆಬ್ಜೆಕ್ಟ್, ಅದಕ್ಕೂ ಎಣಿಕೆ, ಟೈಪು ಎಲ್ಲ ಇದೆ. ಹತ್ತು ಲಕ್ಷ ಬೇರೆ ಬೇರೆ ಸಂಖ್ಯೆಗಳನ್ನು ಲಿಸ್ಟಿಗೆ ಹಾಕಿದರೆ ಅವು ಎಲ್ಲಿವೆ ಅನ್ನುವ ವಿಳಾಸಗಳಿಗೆ 8 ಎಂಬಿ, ಸಂಖ್ಯೆಗಳಿಗೆ 28 ಎಂಬಿ. ಸಿ ಪ್ಲಸ್ ಪ್ಲಸ್ ವೆಕ್ಟರಿನಲ್ಲಿ ಇಂಟ್ ಆಗಿ ಇಟ್ಟರೆ ಎಲ್ಲ ಸೇರಿ 4 ಎಂಬಿ. ದೊಡ್ಡ ಡೇಟಾ ಇದ್ದರೆ ಲಿಸ್ಟ್ ಬಿಡಿ, ಮೊದಲ ದಿನದಿಂದಲೇ ನಂಪೈ ಲೈಬ್ರರಿಯ ಅರೇ ಬಳಸಿ. 32 ಬಿಟ್ ಇಂಟ್ ಆರಿಸಿಕೊಂಡರೆ ಅಲ್ಲೂ ಅದೇ 4 ಎಂಬಿ.