ದುಬೈಯಲ್ಲಿ ಜೀನಸು–ತರಕಾರಿ ಖರೀದಿ: ಬಕಾಲ, ಹೈಪರ್‌ಮಾರ್ಕೆಟ್, ವಾಟರ್‌ಫ್ರಂಟ್ ಮಾರ್ಕೆಟ್

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ, ಮಂಜೇಶ್ವರದ ಕಡೆಗಳಿಂದ ಉದ್ಯೋಗಕ್ಕೆಂದು ದುಬೈಗೆ ತೆರಳಿ, ಆಮೇಲೆ ಮನೆಮಂದಿಯನ್ನೂ ಕರೆಸಿಕೊಳ್ಳುವ ಕನ್ನಡ ಕುಟುಂಬಗಳು ಅನೇಕ. ಹೊರಡುವ ಮೊದಲು ಅವರು ವೀಸಾ, ಮನೆ ಬಾಡಿಗೆ, ಮಕ್ಕಳ ಶಾಲೆ ಮುಂತಾದುವನ್ನು ಚೆನ್ನಾಗಿ ವಿಚಾರಿಸಿಕೊಂಡಿರುತ್ತಾರೆ; ಆದರೆ ಕುಚ್ಚಲಕ್ಕಿ, ತೆಂಗಿನಕಾಯಿ, ತರಕಾರಿಗಳನ್ನು ಎಲ್ಲಿ ಕೊಳ್ಳಬೇಕೆಂಬ ಪ್ರಶ್ನೆ ಎದುರಾಗುವುದು ಅಲ್ಲಿ ಒಲೆ ಹೊತ್ತಿಸಿದ ಮೇಲೆಯೇ. ನಾವು ಅಲ್ ಕುಸೈಸ್‌ನಲ್ಲಿ ನೆಲೆಸಿದ್ದಾಗ ಮನೆಯ ಕೆಳಗಿನ ಬಕಾಲ, ಬಸ್ಸಿನಲ್ಲಿ ಹೋಗಿಬರಬಹುದಾದ ಹೈಪರ್‌ಮಾರ್ಕೆಟ್, ದೇರಾದ ವಾಟರ್‌ಫ್ರಂಟ್ ಮಾರ್ಕೆಟ್ ಈ ಮೂರನ್ನೂ ಬಳಸಿ ನೋಡಿದ್ದೇವೆ. ನಮ್ಮದು ಸಸ್ಯಾಹಾರದ ಅಡುಗೆಯಾದ ಕಾರಣ ಈ ಹೋಲಿಕೆಯಲ್ಲಿ ತರಕಾರಿಯ ಮಾತೇ ಹೆಚ್ಚು. ತರಕಾರಿಯ ಮಟ್ಟಿಗೆ ವಾಟರ್‌ಫ್ರಂಟ್ ಮಾರ್ಕೆಟ್ಟೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೂ ಹೊಸದಾಗಿ ಹೋದವರು ಮೊದಲ ಒಂದೆರಡು ತಿಂಗಳು ಬಕಾಲವನ್ನೇ ನೆಚ್ಚಿಕೊಳ್ಳುವುದು ಕ್ಷೇಮ.

ಬಕಾಲವೆಂದರೆ ವಸತಿ ಕಟ್ಟಡಗಳ ಕೆಳ ಅಂತಸ್ತಿನಲ್ಲಿರುವ ಚಿಕ್ಕ ಜೀನಸು ಅಂಗಡಿ. ಇವುಗಳಲ್ಲಿ ಬಹಳಷ್ಟನ್ನು ನಡೆಸುವವರು ಕಾಸರಗೋಡು, ಕಣ್ಣೂರು, ಕೋಯಿಕ್ಕೋಡು, ಮಲಪ್ಪುರಂ ಜಿಲ್ಲೆಗಳವರು. ಊರಿನಲ್ಲಿ ಕಚೇರಿಗಾಗಿ, ಬಸ್ಸಿಗಾಗಿ ನಾವು ಕಲಿತ ಮಲಯಾಳ ಇಲ್ಲಿ ದೊಡ್ಡ ಉಪಕಾರಕ್ಕೆ ಬರುತ್ತದೆ. ಅಂಗಡಿಯವರು ಉಪ್ಪಳದ ಕಡೆಯವರಾದರೆ ತುಳುವಿನಲ್ಲೇ ಮಾತು ಮುಗಿಯುತ್ತದೆ. ಫೋನ್ ಮಾಡಿದರೆ ಒಂದು ಪ್ಯಾಕೆಟ್ ಮೊಸರನ್ನೂ ಮನೆಬಾಗಿಲಿಗೆ ತಲಪಿಸುತ್ತಾರೆ. ಹೊಸಬರಿಗೆ ಗುರುತಿನ ಚೀಟಿ ಸಿಕ್ಕಿ, ಬ್ಯಾಂಕ್ ಖಾತೆ ತೆರೆಯುವವರೆಗೆ ಕೈಯಲ್ಲಿ ಕಾರ್ಡ್ ಇರುವುದಿಲ್ಲ. ಆ ದಿನಗಳಲ್ಲಿ ತಿಂಗಳ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟು ಸಾಮಾನು ಕೊಡುವ ಅಂಗಡಿಯಿದ್ದರೆ ಮನಸ್ಸಿಗೆ ಎಷ್ಟೋ ಧೈರ್ಯ. ಗ್ಯಾಸ್ ಸಿಲಿಂಡರ್ ಯಾರು ತರುತ್ತಾರೆ, ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನಾವು ತಿಳಿದದ್ದು ಅಲ್ಲಿಂದಲೇ. ಆದರೆ ತರಕಾರಿಯಲ್ಲಿ ಆಯ್ಕೆ ತೀರ ಕಡಿಮೆ: ಈರುಳ್ಳಿ, ಬಟಾಟೆ, ಟೊಮೆಟೊ, ಹಸಿಮೆಣಸು, ಕರಿಬೇವಿನಸೊಪ್ಪು. ಬೆಲೆಯೂ ಮೂರರಲ್ಲಿ ಇಲ್ಲಿಯೇ ಹೆಚ್ಚು.

ಹೈಪರ್‌ಮಾರ್ಕೆಟ್ಟಿನ ಬಲವಿರುವುದು ಅಕ್ಕಿ, ಬೇಳೆ, ತೆಂಗಿನೆಣ್ಣೆಯಂತಹ ಬಾಳಿಕೆಯ ಸಾಮಾನಿನಲ್ಲಿ. ಅಲ್ಲಿನ ಬೆಲೆಚೀಟಿಯಲ್ಲಿ ವಸ್ತು ಯಾವ ದೇಶದ್ದೆಂದು ಬರೆದಿರುತ್ತದೆ. 2018ರ ಜನವರಿ 1ರಿಂದ ಜಾರಿಗೆ ಬಂದ ಶೇ. 5ರ ವ್ಯಾಟ್ ಆಹಾರಕ್ಕೂ ಅನ್ವಯಿಸುತ್ತದೆಯಾದರೂ ಅದು ಚೀಟಿಯ ಬೆಲೆಯಲ್ಲೇ ಸೇರಿರುವುದರಿಂದ ಬಿಲ್ಲಿನಲ್ಲಿ ಹೊಸ ಹೊರೆ ಕಾಣಿಸುವುದಿಲ್ಲ. ಪಾಲಕ್ಕಾಡಿನ ‘ಮಟ್ಟ’ ಎಂಬ ಕೆಂಪು ಅಕ್ಕಿ ಧಾರಾಳವಾಗಿ ಸಿಗುತ್ತದೆ. ದಕ್ಷಿಣ ಕನ್ನಡದ ಕುಚ್ಚಲಕ್ಕಿಗೆ ಮಾತ್ರ ಹುಡುಕಬೇಕು. ಭಾರತವು 2023ರ ಜುಲೈ 20ರಂದು ಬಾಸುಮತಿಯಲ್ಲದ ಬೆಳ್ತಿಗೆ ಅಕ್ಕಿಯ ರಫ್ತನ್ನು ನಿಷೇಧಿಸಿ, ಆಗಸ್ಟ್ 25ರಿಂದ ಕುಚ್ಚಲಕ್ಕಿಯ ರಫ್ತಿಗೆ ಶೇ. 20ರ ಸುಂಕ ಹಾಕಿದಾಗ, ಅಕ್ಕಿಗೆ ನಮಗೆ ಹೈಪರ್‌ಮಾರ್ಕೆಟ್ಟಿನ ವಾರಾಂತ್ಯದ ರಿಯಾಯಿತಿಯೇ ಆಸರೆಯಾಯಿತು. ತರಕಾರಿಯ ವಿಷಯದಲ್ಲಿ ಆ ನೆಮ್ಮದಿಯಿಲ್ಲ. ತಟ್ಟೆಯಲ್ಲಿಟ್ಟು ಪ್ಲಾಸ್ಟಿಕ್ ಹೊದಿಸಿದ ತೊಂಡೆಕಾಯಿಯಲ್ಲಿ ಮೇಲಿನ ಸಾಲು ಎಳೆಯದಾಗಿದ್ದರೂ ಅಡಿಯದು ಹೇಗಿದೆಯೆಂದು ತಿಳಿಯುವುದು ಮನೆಗೆ ತಂದು ಬಿಚ್ಚಿದ ಮೇಲೆ.

ವಾಟರ್‌ಫ್ರಂಟ್ ಮಾರ್ಕೆಟ್ ದೇರಾದ ಹಳೆಯ ಮೀನು ಮಾರುಕಟ್ಟೆಗೆ ಬದಲಾಗಿ 2017ರಲ್ಲಿ ಕಡಲ ಬದಿಯಲ್ಲಿ ತೆರೆದದ್ದು. ಹವಾನಿಯಂತ್ರಣವಿರುವ ಒಂದೇ ಸೂರಿನಡಿ ಮೀನು, ಮಾಂಸ, ಹಣ್ಣು–ತರಕಾರಿಗಳಿಗೆ ಪ್ರತ್ಯೇಕ ವಿಭಾಗಗಳಿರುವುದರಿಂದ ಸಸ್ಯಾಹಾರಿಗಳು ಹಿಂಜರಿಯಬೇಕಾಗಿಲ್ಲ. ಇಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡಬಹುದು, ಬದನೆಯನ್ನು ಒಂದೊಂದಾಗಿ ಆರಿಸಬಹುದು, ಚೌಕಾಸಿ ಮಾಡಬಹುದು. ಒಮಾನ್, ಇರಾನ್, ಜೋರ್ಡಾನ್, ಈಜಿಪ್ಟ್, ಭಾರತ, ಶ್ರೀಲಂಕಾಗಳ ಮಾಲು ಅಕ್ಕಪಕ್ಕದಲ್ಲೇ ಇರುತ್ತದೆ. ಯಾವುದು ಎಲ್ಲಿಯದು, ಎಂದು ಬಂದದ್ದು ಎಂದು ಕೇಳಿದರೆ ಮಾರುವವರೇ ಹೇಳುತ್ತಾರೆ, ಕೇಳಲು ಸಂಕೋಚಪಡಬಾರದು. ನವೆಂಬರಿನಿಂದ ಮಾರ್ಚಿನವರೆಗೆ ಆ ದೇಶದಲ್ಲೇ ಬೆಳೆದ ಟೊಮೆಟೊ, ಮುಳ್ಳುಸೌತೆ, ಬದನೆ ಬರುತ್ತವೆ. ಆಗಿನ ಆ ತಾಜಾತನ ಹಡಗಿನಲ್ಲಿ ಬಂದ ತರಕಾರಿಗೆ ಖಂಡಿತ ಇರುವುದಿಲ್ಲ. 2023ರ ಡಿಸೆಂಬರ್ 8ರಿಂದ 2024ರ ಮೇ ಆರಂಭದವರೆಗೆ ಭಾರತ ಈರುಳ್ಳಿ ರಫ್ತನ್ನು ನಿಲ್ಲಿಸಿದ್ದಾಗಲೂ ಇಲ್ಲಿ ಬೇರೆ ದೇಶಗಳ ಈರುಳ್ಳಿಯನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ, ಕೈಗೆಟಕುವುದನ್ನು ಕೊಳ್ಳಲು ಸಾಧ್ಯವಾಯಿತು. ಸೊಪ್ಪು ಕೊಳ್ಳುವಾಗ ಮಾತ್ರ ಎಚ್ಚರ ಬೇಕು: ಅರಬರು ಹೆಚ್ಚಾಗಿ ಬಳಸುವ ಪಾರ್ಸ್ಲಿ ನೋಟಕ್ಕೆ ಕೊತ್ತಂಬರಿ ಸೊಪ್ಪಿನಂತೆಯೇ ಇರುತ್ತದೆ, ಮೂಸಿ ನೋಡಿಯೇ ಕೈಗೆತ್ತಿಕೊಳ್ಳಬೇಕು.

ಕೊರತೆಯೆಂದರೆ ದೂರ. ಮೆಟ್ರೊದಿಂದ ಇಳಿದ ಮೇಲೂ ಬಸ್ಸನ್ನೋ ಟ್ಯಾಕ್ಸಿಯನ್ನೋ ಹಿಡಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬಿಸಿಲಿನಲ್ಲಿ ಸೊಪ್ಪು ಮನೆ ತಲಪುವಷ್ಟರಲ್ಲಿ ಬಾಡಿರುತ್ತದೆ. ಒಂದು ಕಿಲೊ ಬೆಂಡೆಗಾಗಿ ಟ್ಯಾಕ್ಸಿಯಲ್ಲಿ ಹೋದರೆ ಉಳಿತಾಯವೆಂಬ ಮಾತೇ ಇಲ್ಲ. ನಮಗೆ ಇದು ಹೊಂದಿ ಬಂದದ್ದು ಪಕ್ಕದ ಮನೆಯವರ ಜೊತೆ ಸೇರಿ ಪೆಟ್ಟಿಗೆಗಟ್ಟಲೆ ಕೊಂಡು ಹಂಚಿಕೊಳ್ಳತೊಡಗಿದ ಮೇಲೆ. ಇನ್ನೂ ಅಗ್ಗಕ್ಕೆ ಬೇಕಾದರೆ ರಾಸ್ ಅಲ್ ಖೋರ್ ಬಳಿಯ ಅಲ್ ಅವೀರ್ ಸಗಟು ಮಾರುಕಟ್ಟೆಯಿದೆ. ಅದು ಸ್ವಂತ ಕಾರಿರುವವರಿಗೆ, ಹತ್ತಾರು ಜನರ ಊಟಕ್ಕೆ ಒದಗಿಸುವವರಿಗೆ ಸರಿ.

ಬೆಲೆಯನ್ನು ರೂಪಾಯಿಗೆ ಪರಿವರ್ತಿಸುತ್ತಾ ಹೋಗುವ ಅಭ್ಯಾಸವನ್ನು ಹೊಸಬರು ಬೇಗ ಬಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ. 2023ರಲ್ಲಿ ಒಂದು ದಿರ್ಹಮಿಗೆ 22ರಿಂದ 23 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ನುಗ್ಗೆಕೋಡಿನ ಬೆಲೆ ಕೇಳಿದರೆ ಯಾರಿಗೂ ಕೊಳ್ಳಲು ಮನಸ್ಸು ಬಾರದು, ಮಕ್ಕಳ ಊಟ ಸೊರಗುತ್ತದೆ. ಸಂಬಳ ದಿರ್ಹಮಿನಲ್ಲಿ ಬರುವಾಗ ಒಂದು ಅಂಗಡಿಯ ಬೆಲೆಯನ್ನು ಅಲ್ಲಿಯದೇ ಇನ್ನೊಂದು ಅಂಗಡಿಯ ಬೆಲೆಯೊಡನೆ ತೂಗಿ ನೋಡುವುದು ನ್ಯಾಯ.

ನಮ್ಮ ಕಡೆಯ ಅಡುಗೆಗೇ ಬೇಕಾದ ಕೆಲವು ವಸ್ತುಗಳಲ್ಲಿ ವಾಟರ್‌ಫ್ರಂಟ್ ಮಾರ್ಕೆಟ್ಟೇ ಮೇಲೆಂಬ ಮಾತು ತಲೆಕೆಳಗಾಗುತ್ತದೆ. ಏಪ್ರಿಲಿನ ಬಿಸು ಹಬ್ಬಕ್ಕೆ ಕಣಿ ಇಡಲು ಬೇಕಾದ ಬಣ್ಣದ ಸೌತೆಕಾಯಿ, ಓಣಂ ಸಮಯದ ಬಾಳೆಲೆ, ಹಲಸಿನ ಕಾಲದ ಗುಜ್ಜೆ (ಎಳೆ ಹಲಸು) ಹೈಪರ್‌ಮಾರ್ಕೆಟ್ಟಿನಲ್ಲೇ ಸುಲಭವಾಗಿ ಸಿಕ್ಕಿದವು, ಏಕೆಂದರೆ ಮಲಯಾಳಿ ಗ್ರಾಹಕರಿಗಾಗಿ ಅಲ್ಲಿ ಮುಂಚಿತವಾಗಿ ತರಿಸಿಡುತ್ತಾರೆ. ಬಸಳೆ ಮೂರು ಕಡೆಯೂ ಅಪರೂಪ. ಬಾಲ್ಕನಿಯ ಕುಂಡದಲ್ಲಿ ದಂಟು ಊರಿ ಬೆಳೆಸಿಕೊಳ್ಳುವುದೇ ದಾರಿ. ಸೋರೆಕಾಯಿ ಸಿಗದಾಗ ಕೂಸಾ ಎಂಬ ತಿಳಿಹಸುರಿನ ಕಾಯಿಯನ್ನು ಮೇಲಾರಕ್ಕೆ (ಮಜ್ಜಿಗೆಹುಳಿಗೆ) ಹಾಕಿ ನೋಡಿ, ಚೆನ್ನಾಗಿ ಒಗ್ಗುತ್ತದೆ.

ಮಾರ್ಕೆಟ್ಟಿಗೆ ಹೊರಡುವಾಗ ಬಟ್ಟೆಚೀಲ ಕೈಯಲ್ಲಿರಲಿ. ಒಮ್ಮೆ ಬಳಸಿ ಎಸೆಯುವ ಚೀಲಗಳನ್ನು ದುಬೈಯಲ್ಲಿ 2024ರ ಜೂನ್ 1ರಿಂದ ನಿಷೇಧಿಸಲಾಗಿದೆ. ಬ್ಯಾಡಗಿ ಮೆಣಸು, ಪುನರ್ಪುಳಿ ಸಿಪ್ಪೆಗಳನ್ನು ಊರಿನಿಂದಲೇ ಒಯ್ಯುವುದು ಒಳ್ಳೆಯದು. ಆದರೆ ಗಸಗಸೆ ಈ ಮೂರು ಕಡೆಯೂ ಸಿಗುವುದಿಲ್ಲವೆಂದು ಅದನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಲೇಬಾರದು: ಆ ದೇಶದ ಕಾನೂನು ಅದನ್ನು ಮಾದಕ ವಸ್ತುವೆಂದು ನಿಷೇಧಿಸಿದೆ, ಸಿಕ್ಕಿಬಿದ್ದರೆ ಜೈಲು ಸೇರಬೇಕಾಗಬಹುದು. ವೀಳ್ಯದೆಲೆಗೂ ಅಲ್ಲಿ ಪ್ರವೇಶವಿಲ್ಲ; ಅಡಿಕೆ ತೋಟದ ನಡುವಿನಿಂದ ಹೊರಡುವ ಹಿರಿಯರಿಗೆ ಇದನ್ನು ವಿಮಾನ ಹತ್ತುವ ಮೊದಲೇ ತಿಳಿಸಿ ಹೇಳಬೇಕು.