ಥಂಡರ್‌ಬರ್ಡ್ ಮೇಲ್ ವಾಪಸ್ ತರಲು ನಾಲ್ಕು ದಾರಿ: ನಾಲ್ಕರಲ್ಲೂ ನಡೆದು ನೋಡಿದೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲದ ಅವಧಿ ಮುಗಿಯಿತು. ನನ್ನ ಲ್ಯಾಪ್‌ಟಾಪ್ ಹಳೆಯದು. ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇದರಲ್ಲಿಲ್ಲ. ಆದರೆ ಕೀಲಿಮಣೆ ಇನ್ನೂ ಬೆಣ್ಣೆಯ ಹಾಗಿದೆ, ಎಸೆಯಲು ಮನಸ್ಸು ಬರಲಿಲ್ಲ. ವಿಂಡೋಸ್ ತೆಗೆದು, ಅದರ ಬದಲು ಲಿನಕ್ಸ್ ಮಿಂಟ್ ಹಾಕಿಕೊಂಡೆ. ಹಾಕುವುದಕ್ಕೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಮೇಲ್ ವಾಪಸ್ ತರುವುದಕ್ಕೆ ಮಾತ್ರ ಮೂರು ಸಂಜೆ ಹೋಯಿತು.

ಕರಡು ತಿದ್ದುವುದು ನನ್ನ ಕೆಲಸ. ಲೇಖಕರು ಕಳಿಸುವ ಹಸ್ತಪ್ರತಿ, ಪ್ರಕಾಶಕರು ಕಳಿಸುವ ಪಿಡಿಎಫ್, "ನಲವತ್ತೇಳನೇ ಪುಟದಲ್ಲಿ ಒತ್ತಕ್ಷರ ಬಿಟ್ಟುಹೋಗಿದೆಯಲ್ಲ ಮೇಡಂ" ಅನ್ನುವ ತಕರಾರು, ಎಲ್ಲವೂ ಮೇಲ್‌ನಲ್ಲೇ. 2009ರಿಂದ ಥಂಡರ್‌ಬರ್ಡ್ ಅನ್ನುವ ಮೇಲ್ ತಂತ್ರಾಂಶ ಬಳಸುತ್ತಿದ್ದೇನೆ. ಈಗಿರುವುದು ಜಿಮೇಲ್ ವಿಳಾಸ. ಅದಕ್ಕೂ ಮುಂಚೆ ಒಂದು ಇಂಟರ್ನೆಟ್ ಕಂಪನಿ ಕೊಟ್ಟಿದ್ದ ವಿಳಾಸ ಇತ್ತು. ಆ ಸರ್ವರ್ ಇವತ್ತು ಇಲ್ಲ. ಅದರಲ್ಲಿ ಬಂದಿದ್ದ ಮೇಲ್‌ಗಳು ನನ್ನ ಡಿಸ್ಕ್‌ನಲ್ಲಿ ಮಾತ್ರ ಇವೆ, ಥಂಡರ್‌ಬರ್ಡ್‌ನ ಲೋಕಲ್ ಫೋಲ್ಡರ್ಸ್ ಅನ್ನುವ ಜಾಗದಲ್ಲಿ.

ಅಕ್ಕನ ಮಗನಿಗೆ ಫೋನ್ ಮಾಡಿದೆ. "ಚಿಕ್ಕಮ್ಮ, ಎಲ್ಲಾ ಸರ್ವರ್‌ನಲ್ಲೇ ಇರುತ್ತಲ್ವಾ? ಸುಮ್ನೆ ಲಾಗಿನ್ ಆಗಿಬಿಡು" ಅಂದ. ಅವನ ವಯಸ್ಸಿನವರಿಗೆ ಮೇಲ್ ಅಂದರೆ ಸರ್ವರ್‌ನಲ್ಲಿ ಇರುವಂಥದ್ದು. ನನ್ನ ವಯಸ್ಸಿನವರಿಗೆ ಅರ್ಧ ಅಲ್ಲಿ, ಅರ್ಧ ಇಲ್ಲಿ. ಯಾವ ದಾರಿ ಹಿಡಿಯಬೇಕು ಅನ್ನುವುದು ಇದರ ಮೇಲೇ ನಿಂತಿದೆ.

ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಬ್ಯಾಕಪ್ ಭದ್ರವಾಗಿತ್ತು. ಹಾಗಾಗಿ ಧೈರ್ಯವಾಗಿ ನಾಲ್ಕೂ ದಾರಿಗಳನ್ನು ನೋಡಿಬಿಡೋಣ ಅಂದುಕೊಂಡೆ. ಪ್ರತಿ ಸಲವೂ ಖಾಲಿ ಪ್ರೊಫೈಲ್‌ನಿಂದ, ಅಂದರೆ ಥಂಡರ್‌ಬರ್ಡ್ ನಮ್ಮ ಮೇಲ್, ಸೆಟ್ಟಿಂಗ್ ಎಲ್ಲಾ ಇಟ್ಟುಕೊಳ್ಳುವ ಫೋಲ್ಡರ್ ಖಾಲಿ ಇಟ್ಟುಕೊಂಡು, ಶುರು ಮಾಡಿದೆ.

ಮೊದಲು ಅಕ್ಕನ ಮಗ ಹೇಳಿದ ದಾರಿ. ಬ್ಯಾಕಪ್ ಮುಟ್ಟದೆ ಜಿಮೇಲ್‌ಗೆ ಲಾಗಿನ್ ಆಗುವುದು, ಐಮ್ಯಾಪ್ (ಸರ್ವರ್‌ನಲ್ಲಿರುವ ಮೇಲನ್ನು ನಮ್ಮ ಕಂಪ್ಯೂಟರ್‌ನಲ್ಲಿ ತೋರಿಸುವ ವಿಧಾನ) ಮೂಲಕ ಎಲ್ಲವೂ ತಾನಾಗಿ ಇಳಿಯಲಿ ಅಂತ ಬಿಡುವುದು. ಇದರಷ್ಟು ಸುಲಭ ಬೇರೆ ಇಲ್ಲ. ಎರಡು ನಿಮಿಷದಲ್ಲಿ ಇನ್‌ಬಾಕ್ಸ್ ಕಣ್ಣ ಮುಂದೆ ಬಂತು. ರಾತ್ರಿ ಮಲಗುವಾಗ ಬಿಟ್ಟೆ, ಬೆಳಗ್ಗೆ ಕಾಫಿ ಹೊತ್ತಿಗೆ ಎಲ್ಲಾ ಇಳಿದಿತ್ತು. ಮನೆಯಲ್ಲಿ ಫೈಬರ್ ಇದೆ, ಸರಿ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ ಹಾಟ್‌ಸ್ಪಾಟ್ ಹಾಕಿ ಇದನ್ನು ಮಾಡಲು ಹೋಗಬೇಡಿ. ಮಾಡಲೇಬೇಕಾದರೆ ಖಾತೆಯ ಸೆಟ್ಟಿಂಗ್‌ನಲ್ಲಿ ಕೊನೆಯ ಮೂವತ್ತು ದಿನದ ಮೇಲ್ ಮಾತ್ರ ಇಳಿಸಿಕೋ ಅಂತ ಹೇಳಬಹುದು.

ಆದರೆ ಬಂದದ್ದು ಮೇಲ್ ಮಾತ್ರ. ನಾನು ವರ್ಷಗಟ್ಟಲೆ ಕೂತು ಮಾಡಿದ್ದ ನಲವತ್ತು ಫಿಲ್ಟರ್‌ಗಳು ಇಲ್ಲ. ಈ ಪ್ರಕಾಶಕರಿಂದ ಬಂದದ್ದು ಈ ಫೋಲ್ಡರ್‌ಗೆ, ಆ ಪತ್ರಿಕೆಯದ್ದು ಆ ಫೋಲ್ಡರ್‌ಗೆ ಅಂತ ಇತ್ತಲ್ಲ, ಅದೆಲ್ಲ ಥಂಡರ್‌ಬರ್ಡ್ ನನ್ನ ಡಿಸ್ಕ್‌ನಲ್ಲಿ ಇಟ್ಟುಕೊಂಡಿದ್ದ ನಿಯಮ. ಗೂಗಲ್‌ಗೆ ಅದರ ಸುದ್ದಿಯೇ ಗೊತ್ತಿಲ್ಲ. ಸಹಿ ಇಲ್ಲ, ತಾನಾಗಿ ಸೇರಿಕೊಂಡಿದ್ದ ವಿಳಾಸಗಳಿಲ್ಲ. ಲೋಕಲ್ ಫೋಲ್ಡರ್ಸ್ ಅಂತೂ ಖಾಲಿ. ಎಲ್ಲವೂ ಜಿಮೇಲ್‌ನಲ್ಲೇ ಇದೆ, ಫಿಲ್ಟರ್ ಗಿಲ್ಟರ್ ಏನೂ ಇಲ್ಲ ಅನ್ನುವವರಿಗೆ ಈ ದಾರಿ ಸಾಕೇ ಸಾಕು. ನನಗೆ ಸಾಲದು.

ಎರಡನೆಯದು ಥಂಡರ್‌ಬರ್ಡ್ ತಾನೇ ಕೊಡುವ ಎಕ್ಸ್‌ಪೋರ್ಟ್. ಟೂಲ್ಸ್ ಮೆನುವಿನಲ್ಲಿದೆ. ಒತ್ತಿದರೆ ಇಡೀ ಪ್ರೊಫೈಲನ್ನು ಒಂದು ಜಿಪ್ ಕಡತ ಮಾಡಿಕೊಡುತ್ತದೆ. ಹೊಸ ಕಡೆ ಇಂಪೋರ್ಟ್ ಒತ್ತಿ ಆ ಜಿಪ್ ತೋರಿಸಿದರೆ ಆಯಿತು. ಕೇಳಲು ಎಷ್ಟು ಚೆನ್ನಾಗಿದೆ, ಅಲ್ವಾ? ಆದರೆ 2 ಜಿಬಿ ದಾಟಿದ ಪ್ರೊಫೈಲ್ ಅದಕ್ಕೆ ಆಗುವುದಿಲ್ಲ. ನನ್ನದು 11 ಜಿಬಿ. ವಿಂಡೋಸ್ ತೆಗೆಯುವ ಮುಂಚೆಯೇ ಇದು ಗೊತ್ತಾಗಿದ್ದು ಪುಣ್ಯ.

ಆಗ ಇನ್ನೊಂದು ವಿಷಯ ತಿಳಿಯಿತು. ಡಿಲೀಟ್ ಮಾಡಿದ ಮೇಲ್ ನಿಜವಾಗಿ ಹೋಗುವುದಿಲ್ಲ. ಒಂದು ಫೋಲ್ಡರ್‌ನ ಮೇಲ್‌ಗಳೆಲ್ಲ ಒಂದೇ ಉದ್ದನೆಯ ಕಡತದಲ್ಲಿ ಒಂದರ ಹಿಂದೆ ಒಂದು ಇರುತ್ತವೆ. ಡಿಲೀಟ್ ಒತ್ತಿದರೆ ಇದು ಬೇಡ ಅಂತ ಗುರುತು ಬೀಳುತ್ತದೆ ಅಷ್ಟೇ. ಕಾಂಪ್ಯಾಕ್ಟ್ ಮಾಡಿದ ಮೇಲೇ ಜಾಗ ಖಾಲಿಯಾಗುವುದು. ಎಲ್ಲಾ ಫೋಲ್ಡರ್‌ಗಳನ್ನೂ ಕಾಂಪ್ಯಾಕ್ಟ್ ಮಾಡಿದೆ. 11 ಇದ್ದದ್ದು 8ರ ಹತ್ತಿರ ಬಂತು. ಮೂರು ಜಿಬಿ ಕಸ! ಆದರೂ 2ರ ಒಳಗೆ ಬರಲಿಲ್ಲ.

ಹಾಗಾಗಿ ಈ ದಾರಿಯನ್ನು ನಮ್ಮನೆಯವರ ಪ್ರೊಫೈಲ್ ಮೇಲೆ ಪ್ರಯೋಗ ಮಾಡಿದೆ. ಅವರದ್ದು 900 ಎಂಬಿ. ಬ್ಯಾಂಕಿನವರು ಕಳಿಸುವ ಸ್ಟೇಟ್‌ಮೆಂಟ್ ಬಿಟ್ಟರೆ ಅವರಿಗೆ ಬೇರೆ ಮೇಲ್ ಬರುವುದು ಕಮ್ಮಿ. ಐದು ನಿಮಿಷದಲ್ಲಿ ಜಿಪ್ ಆಯಿತು. ಇನ್ನೈದು ನಿಮಿಷದಲ್ಲಿ ಹೊಸ ಕಡೆ ಬಿಚ್ಚಿಕೊಂಡಿತು. ಖಾತೆ, ಮೇಲ್, ವಿಳಾಸ ಪುಸ್ತಕ, ಕ್ಯಾಲೆಂಡರ್, ಯಾವುದು ಬೇಕೋ ಅದಕ್ಕೆ ಟಿಕ್ ಹಾಕಲು ಕೇಳುತ್ತದೆ. ಕೊನೆಗೆ ತಾನೇ ಒಂದು ಸಲ ಮುಚ್ಚಿ ತೆರೆದುಕೊಳ್ಳುತ್ತದೆ. ಪ್ರೊಫೈಲ್ ಸಣ್ಣದಿದ್ದರೆ ಕಣ್ಣುಮುಚ್ಚಿ ಇದನ್ನೇ ಮಾಡಿ. ದೊಡ್ಡದಿದ್ದರೆ ಇದರ ಸುದ್ದಿಗೇ ಹೋಗಬೇಡಿ.

ಮೂರನೆಯದು ಇಂಪೋರ್ಟ್‌ಎಕ್ಸ್‌ಪೋರ್ಟ್‌ಟೂಲ್ಸ್ ಎನ್‌ಜಿ ಅನ್ನುವ ಆ್ಯಡ್‌ಆನ್, ಅಂದರೆ ಥಂಡರ್‌ಬರ್ಡ್‌ಗೆ ಬೇರೆಯಾಗಿ ಸೇರಿಸಿಕೊಳ್ಳುವ ಸಣ್ಣ ಸಲಕರಣೆ. ಹಳೆಯ ಬ್ಯಾಕಪ್‌ನಿಂದ ನಿಮಗೆ ಬೇಕಾದ ಒಂದೇ ಒಂದು ಫೋಲ್ಡರ್ ಆರಿಸಿ ತರಬಹುದು. ನಾನು ನೆಚ್ಚಿಕೊಂಡಿದ್ದು ಇದನ್ನೇ. ಹಿಂದೆ ಇದು ನನ್ನ ಮಾನ ಉಳಿಸಿತ್ತು. ಈ ಸಲವೂ ಮೇಲ್‌ಗಳನ್ನು ಸರಿಯಾಗಿ ತಂದಿತು. ಓದಿದ್ದು ಯಾವುದು, ನಕ್ಷತ್ರ ಹಾಕಿದ್ದು ಯಾವುದು ಅನ್ನುವುದು ಕೂಡ ಉಳಿದಿತ್ತು. ಆ ಗುರುತುಗಳು ಪ್ರತಿ ಮೇಲ್‌ನ ತಲೆಬರಹದಲ್ಲೇ ಬರೆದಿರುತ್ತವೆ, ಹಾಗಾಗಿ ಕಡತದ ಜೊತೆಗೇ ಬರುತ್ತವೆ.

ಆದರೆ ಇದು ಮನೆ ಸಾಗಿಸುವ ಲಾರಿ ಅಲ್ಲ, ಕೈಚೀಲ. ತರುವುದು ಮೇಲ್ ಫೋಲ್ಡರ್‌ಗಳನ್ನು ಮಾತ್ರ. ಖಾತೆ, ಫಿಲ್ಟರ್, ಪಾಸ್‌ವರ್ಡ್ ಎಲ್ಲಾ ಮತ್ತೆ ನೀವೇ ಕೂರಿಸಬೇಕು. ಅರವತ್ತು ಫೋಲ್ಡರ್‌ಗಳನ್ನು ಹೀಗೆ ಹೊತ್ತು ತರುವಷ್ಟರಲ್ಲಿ ನನಗೆ ಸಾಕಾಗಿ ಹೋಯಿತು. ನಿಜ ಹೇಳಬೇಕೆಂದರೆ ಒಂದೆರಡು ಫೋಲ್ಡರ್‌ಗೆ ಆ್ಯಡ್‌ಆನ್ ಕೂಡ ಬೇಕಿಲ್ಲ. ಥಂಡರ್‌ಬರ್ಡ್ ಮುಚ್ಚಿ. ಬ್ಯಾಕಪ್‌ನಿಂದ ಆ ಫೋಲ್ಡರ್‌ನ ಕಡತ ತನ್ನಿ, ಅಂದರೆ ಹೆಸರಿನ ಕೊನೆಗೆ ಚುಕ್ಕೆ ಗಿಕ್ಕೆ ಏನೂ ಇಲ್ಲದ ದೊಡ್ಡ ಕಡತ. ಅದನ್ನು ಹೊಸ ಪ್ರೊಫೈಲ್‌ನ ಮೇಲ್ ಫೋಲ್ಡರ್‌ನೊಳಗಿನ ಲೋಕಲ್ ಫೋಲ್ಡರ್ಸ್‌ಗೆ ಹಾಕಿ. ಅದೇ ಹೆಸರಿಗೆ ಎಂಎಸ್ಎಫ್ ಅಂಟಿಕೊಂಡಿರುವ ಸಣ್ಣ ಕಡತವನ್ನು ತರಬೇಡಿ. ಅದು ಬರೀ ಸೂಚಿ, ಥಂಡರ್‌ಬರ್ಡ್ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ತೆರೆದ ತಕ್ಷಣ ಫೋಲ್ಡರ್ ಎಡಗಡೆ ಕಾಣಿಸುತ್ತದೆ.

ನಾಲ್ಕನೆಯದು, ನಾನು ಕೊನೆಗೆ ಉಳಿಸಿಕೊಂಡದ್ದು: ಪ್ರೊಫೈಲ್ ಫೋಲ್ಡರ್ ಇಡಿಯಾಗಿ ಹಾಕುವುದು. ವಿಂಡೋಸ್‌ನಲ್ಲಿ ಅದು ಆ್ಯಪ್‌ಡೇಟಾದೊಳಗೆ ರೋಮಿಂಗ್, ಅದರೊಳಗೆ ಥಂಡರ್‌ಬರ್ಡ್, ಅದರೊಳಗೆ ಪ್ರೊಫೈಲ್ಸ್ ಅಂತ ಅಡಗಿ ಕೂತಿರುತ್ತದೆ. ಆ್ಯಪ್‌ಡೇಟಾ ಮಾಮೂಲಾಗಿ ಕಾಣಿಸುವುದೂ ಇಲ್ಲ. ಹುಡುಕುವುದು ಬೇಡ ಅಂದರೆ ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಪುಟದಲ್ಲಿ ಅದನ್ನು ತೆರೆಯುವ ಬಟನ್ ಇದೆ. ಕಾಪಿ ಮಾಡುವಾಗ ಥಂಡರ್‌ಬರ್ಡ್ ಪೂರ್ತಿ ಮುಚ್ಚಿರಬೇಕು. ತೆರೆದಿದ್ದಾಗ ಮಾಡಿದ ಕಾಪಿಯನ್ನು ನಂಬುವ ಹಾಗಿಲ್ಲ, ವಿಳಾಸ ಪುಸ್ತಕದಂಥ ಕಡತಗಳು ಅರ್ಧ ಬರೆದ ಸ್ಥಿತಿಯಲ್ಲಿ ಸಿಕ್ಕಿಬೀಳಬಹುದು.

ಮಿಂಟ್‌ನಲ್ಲಿ ಥಂಡರ್‌ಬರ್ಡ್‌ನ ಮನೆ ಹೋಮ್ ಫೋಲ್ಡರ್‌ನಲ್ಲಿ ಚುಕ್ಕೆಯಿಂದ ಶುರುವಾಗುವ ಹೆಸರಿನ ಮರೆಯ ಫೋಲ್ಡರ್. ಕಂಟ್ರೋಲ್ ಜೊತೆ ಎಚ್ ಒತ್ತಿದರೆ ಕಾಣಿಸುತ್ತದೆ. ಉಬುಂಟು ಅನ್ನುವ ಇನ್ನೊಂದು ಲಿನಕ್ಸ್ ಬಳಸುವವರು ಗಮನಿಸಿ: 24.04ನೇ ಆವೃತ್ತಿಯಿಂದ ಅಲ್ಲಿ ಥಂಡರ್‌ಬರ್ಡ್ ಸ್ನ್ಯಾಪ್ ಅನ್ನುವ ಬೇರೆ ಬಗೆಯ ಕಟ್ಟಾಗಿ ಬರುತ್ತದೆ. ಹಾಗಾಗಿ ಜಾಗ ಸ್ನ್ಯಾಪ್ ಫೋಲ್ಡರ್‌ನೊಳಗೆ. ಫ್ಲಾಟ್‌ಪ್ಯಾಕ್ ಅನ್ನುವ ಇನ್ನೊಂದು ಬಗೆಯ ಕಟ್ಟು ಹಾಕಿಕೊಂಡರೆ ಅದಕ್ಕೆ ಇನ್ನೊಂದು ಜಾಗ. ಸರಿಯಾದ ಫೋಲ್ಡರನ್ನು ತಪ್ಪು ಮನೆಯಲ್ಲಿ ಇಟ್ಟು, ಏನೂ ಬರಲಿಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕೂರುವುದು ಇಲ್ಲೇ.

ಫೋಲ್ಡರ್ ಹಾಕಿದ ಮೇಲೆ ಟರ್ಮಿನಲ್‌ನಲ್ಲಿ ಥಂಡರ್‌ಬರ್ಡ್ ಹೆಸರಾದ ಮೇಲೆ ಜಾಗ ಬಿಟ್ಟು ಒಂದು ಅಡ್ಡಗೆರೆ, ದೊಡ್ಡಕ್ಷರದ ಇಂಗ್ಲಿಷ್ 'ಪಿ' ಹಾಕಿ ತೆರೆದೆ. ಪ್ರೊಫೈಲ್ ಮ್ಯಾನೇಜರ್ ಬಂತು. ಹೊಸ ಪ್ರೊಫೈಲ್ ಮಾಡು ಅಂತ ಹೇಳಿ, ಜಾಗ ಕೇಳಿದಾಗ ನಾನು ತಂದಿಟ್ಟ ಫೋಲ್ಡರ್ ತೋರಿಸಿದೆ. ಇಲ್ಲಿ ಒಂದು ಎಚ್ಚರ. ಮುಂದೆ ಯಾವತ್ತಾದರೂ ಇದೇ ಕಿಟಕಿಯಲ್ಲಿ ಪ್ರೊಫೈಲ್ ಅಳಿಸಿ, ಕಡತಗಳನ್ನೂ ಅಳಿಸಲಾ ಅಂತ ಕೇಳಿದಾಗ ಹೂಂ ಅಂದರೆ ಆ ಫೋಲ್ಡರ್ ಪೂರ್ತಿ ಹೋಗುತ್ತದೆ. ಹಾಗಾಗಿ ತೋರಿಸುವುದು ಯಾವಾಗಲೂ ಒಂದು ಕಾಪಿ ಆಗಿರಲಿ, ಇರುವ ಒಂದೇ ಬ್ಯಾಕಪ್ ಆಗಿರದಿರಲಿ.

ತೆರೆಯಲಿಲ್ಲ. ನೀವು ಥಂಡರ್‌ಬರ್ಡ್‌ನ ಹಳೆಯ ಆವೃತ್ತಿ ತೆರೆದಿದ್ದೀರಿ, ಹೊಸ ಪ್ರೊಫೈಲ್ ಮಾಡಿಕೊಳ್ಳಿ ಅಥವಾ ಹೊರಡಿ ಅಂದಿತು. ವಿಂಡೋಸ್‌ನಲ್ಲಿ ತಾನಾಗಿ ಅಪ್‌ಡೇಟ್ ಆಗುತ್ತಾ ನನ್ನ ಪ್ರೊಫೈಲ್ ಮುಂದೆ ಹೋಗಿತ್ತು. ನನ್ನ ಮಿಂಟ್‌ನಲ್ಲಿ ಇದ್ದದ್ದು ಅದಕ್ಕಿಂತ ಹಿಂದಿನದು. 2019ರ 68ನೇ ಆವೃತ್ತಿಯಿಂದ ಈ ಕಾವಲು ಇದೆ. ಕಾವಲು ದಾಟುವ ಒಂದು ಆಯ್ಕೆಯೂ ಇದೆ, ಆದರೆ ಇಷ್ಟು ವರ್ಷಗಳ ಮೇಲ್ ಮೇಲೆ ಆ ಆಟ ಬೇಡ ಅನ್ನಿಸಿತು. ಥಂಡರ್‌ಬರ್ಡ್ ತಾಣದಿಂದಲೇ ಹೊಸದನ್ನು ಇಳಿಸಿಕೊಂಡೆ.

ಈ ಸಲ ತೆರೆಯಿತು. ಎಲ್ಲವೂ ಇದ್ದ ಹಾಗೇ. ಫಿಲ್ಟರ್, ಸಹಿ, ಕಾಲಂಗಳ ಅಗಲ, ಕೊನೆಗೆ ನಾನು ಅರ್ಧ ಬರೆದು ಬಿಟ್ಟಿದ್ದ ಒಂದು ಉತ್ತರ ಕೂಡ. ಪಾಸ್‌ವರ್ಡ್ ಸಹ ಕೇಳಲಿಲ್ಲ. ಖುಷಿಯಾಯಿತು, ಮರುಕ್ಷಣವೇ ಹೆದರಿಕೆಯೂ ಆಯಿತು. ಪಾಸ್‌ವರ್ಡ್‌ಗಳು ಒಂದು ಕಡತದಲ್ಲಿ, ಅದರ ಬೀಗದ ಕೈ ಪಕ್ಕದ ಕಡತದಲ್ಲಿ, ಎರಡೂ ಒಂದೇ ಫೋಲ್ಡರ್‌ನಲ್ಲಿ. ನನ್ನ ಹಾರ್ಡ್ ಡಿಸ್ಕ್ ಯಾರ ಕೈಗೆ ಸಿಕ್ಕರೂ ಅವರು ನನ್ನ ಮೇಲ್ ತೆರೆಯಬಹುದು. ಅವತ್ತೇ ಪ್ರೈಮರಿ ಪಾಸ್‌ವರ್ಡ್, ಅಂದರೆ ಆ ಪಾಸ್‌ವರ್ಡ್‌ಗಳಿಗೆಲ್ಲ ಸೇರಿ ಒಂದು ಬೀಗ, ಹಾಕಿದೆ.

ಆಮೇಲೆ ಎರಡು ಸಲ ಸುಳ್ಳು ಗಾಬರಿ. ಡಿಸ್ಕ್‌ನಲ್ಲಿ ಪ್ರೊಫೈಲ್‌ನೊಳಗಿನ ಐಮ್ಯಾಪ್ ಫೋಲ್ಡರ್ ತೆರೆದು ನೋಡಿದರೆ ನನ್ನ ಕನ್ನಡ ಹೆಸರಿನ ಫೋಲ್ಡರ್‌ಗಳು ಒಂದೂ ಇಲ್ಲ. ಅವುಗಳ ಜಾಗದಲ್ಲಿ & ಚಿಹ್ನೆಯಿಂದ ಶುರುವಾಗುವ, ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು. ಡಿಸ್ಕ್ ಕೆಟ್ಟಿದೆ ಅಂತಲೇ ಅಂದುಕೊಂಡೆ. ಆದರೆ ಐಮ್ಯಾಪ್ ಹಳೆಯ ಕಾಲದ್ದು, ಬೇರೆ ಲಿಪಿಯ ಹೆಸರುಗಳನ್ನು ಹೀಗೆ ಮಡಚಿ ಇಡುತ್ತದೆ ಅಷ್ಟೇ. ಥಂಡರ್‌ಬರ್ಡ್ ಒಳಗೆ 'ಕರಡು', 'ಹಣ ಬರಬೇಕು' ಎಲ್ಲವೂ ಕನ್ನಡದಲ್ಲೇ ಇವೆ. ಎರಡನೆಯದು ನುಡಿ ಫಾಂಟ್. 2011ರ ಸುಮಾರಿನ ಕೆಲವು ಮೇಲ್ ತೆರೆದರೆ ಅರ್ಥವಿಲ್ಲದ ಅಕ್ಷರಗಳ ಕಿಚಡಿ. ಅವನ್ನು ಕಳಿಸಿದವರು ಯೂನಿಕೋಡ್ ಬಳಸಿರಲಿಲ್ಲ, ಹಳೆಯ ನುಡಿಯಲ್ಲಿ ಟೈಪ್ ಮಾಡಿದ್ದರು. ಮೇಲ್ ಸರಿಯಾಗೇ ಇತ್ತು, ವಿಂಡೋಸ್ ಜೊತೆ ಫಾಂಟ್ ಹೋಗಿತ್ತು. ಹಾಗಾಗಿ ಫಾಂಟ್‌ಗಳನ್ನೂ ಬ್ಯಾಕಪ್ ಮಾಡಿ. ಕರಡು ತಿದ್ದುವವಳಾಗಿ ನಾನೇ ಇದನ್ನು ಮರೆತಿದ್ದೆ.

ನಿಜವಾದ ಗಾಬರಿ ಆದದ್ದು ಲೋಕಲ್ ಫೋಲ್ಡರ್ಸ್ ಮೇಲೆ ಕ್ಲಿಕ್ ಮಾಡಿದಾಗ. ಖಾಲಿ. ಇಡೀ ಪ್ರೊಫೈಲ್ ತಂದಿದ್ದೇನೆ, ಮತ್ತೆ ಇದೇನು? ಬ್ಯಾಕಪ್‌ನಲ್ಲಿ ಹುಡುಕಿದೆ. ಅಲ್ಲೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಮೇಲೆ ಪ್ರೊಫೈಲ್‌ನ ಸೆಟ್ಟಿಂಗ್ ಕಡತವಾದ ಪ್ರೆಫ್ಸ್ ತೆರೆದು ಓದಿದೆ. ಲೋಕಲ್ ಫೋಲ್ಡರ್ಸ್ ಇರುವ ಜಾಗ ಅಂತ ಬರೆದಿದ್ದ ಸಾಲಿನಲ್ಲಿ ಡಿ ಡ್ರೈವ್ ಅಂತಿತ್ತು! ಯಾವಾಗಲೋ ಸಿ ಡ್ರೈವ್ ತುಂಬಿದಾಗ ನಾನೇ ಅದನ್ನು ಆಚೆ ಸಾಗಿಸಿದ್ದೆ. ಪ್ರೊಫೈಲ್ ಕಾಪಿ ಮಾಡಿದರೆ ಪ್ರೊಫೈಲ್‌ನೊಳಗೆ ಇರುವುದು ಮಾತ್ರ ಬರುತ್ತದೆ. ಲಿನಕ್ಸ್‌ಗೆ ಡಿ ಡ್ರೈವ್ ಅಂದರೆ ಏನೂ ಅಲ್ಲ, ಅದು ಹೊಸದಾಗಿ ಒಂದು ಖಾಲಿ ಜಾಗ ಮಾಡಿಕೊಂಡು ಸುಮ್ಮನಿತ್ತು.

ಆ ಡಿ ನನ್ನ ಲ್ಯಾಪ್‌ಟಾಪ್‌ನ ಎರಡನೇ ಡಿಸ್ಕ್. ಮಿಂಟ್ ಹಾಕುವಾಗ ಅದನ್ನು ಮುಟ್ಟಿರಲಿಲ್ಲ. ಒಂದೇ ಡಿಸ್ಕ್‌ನ ಎರಡು ಭಾಗಗಳಾಗಿದ್ದರೆ, ಇನ್‌ಸ್ಟಾಲ್ ಮಾಡುವಾಗ ಪೂರ್ತಿ ಅಳಿಸು ಅಂತ ಒತ್ತುವವಳೇ ನಾನು. ಥಂಡರ್‌ಬರ್ಡ್ ಮುಚ್ಚಿ, ಅಲ್ಲಿಂದ ಕಡತಗಳನ್ನು ಹೊಸ ಪ್ರೊಫೈಲ್‌ನ ಲೋಕಲ್ ಫೋಲ್ಡರ್ಸ್‌ಗೆ ಕಾಪಿ ಮಾಡಿದೆ. ಸೂಚಿ ಕಟ್ಟಿಕೊಳ್ಳಲು ಒಂದೆರಡು ನಿಮಿಷ ತೆಗೆದುಕೊಂಡಿತು. ಆಮೇಲೆ 2009ರ ಮೇಲ್‌ಗಳು ಒಂದೊಂದಾಗಿ ಬಂದವು.

ಹಾಗಾಗಿ ನಾಲ್ಕರಲ್ಲಿ ನನ್ನ ಓಟು ಇಡೀ ಪ್ರೊಫೈಲ್‌ಗೇ. ಆದರೆ ವಿಂಡೋಸ್ ತೆಗೆಯುವ ಮುಂಚೆ ಖಾತೆಯ ಸೆಟ್ಟಿಂಗ್ ತೆರೆದು, ಪ್ರತಿ ಖಾತೆಗೂ ಲೋಕಲ್ ಡೈರೆಕ್ಟರಿ ಅಂತ ಇರುವ ಸಾಲನ್ನು ಓದಿಕೊಳ್ಳಿ. ಅದು ಪ್ರೊಫೈಲ್‌ನಿಂದ ಆಚೆ ಇದ್ದರೆ ಆ ಫೋಲ್ಡರನ್ನೂ ಬೇರೆಯಾಗಿ ಕಾಪಿ ಮಾಡಿ. ನಮ್ಮನೆಯವರ ಕಂಪ್ಯೂಟರ್ ಇನ್ನೂ ವಿಂಡೋಸ್ 10ರಲ್ಲೇ ಇದೆ. ಅದರ ಆ ಸಾಲನ್ನು ನಿನ್ನೆ ರಾತ್ರಿ ಎರಡೆರಡು ಸಲ ಓದಿದೆ. ಸಿ ಡ್ರೈವ್ ಅಂತಲೇ ಇದೆ.